ಬ್ರಿಟಿಷ್ ಜಾಝ್: ಸ್ವಂತ ದಾರಿ ಹಿಡಿದ ಹತ್ತು ವರ್ಷ

ಜಾಝ್ ಎಂದೊಡನೆ ಬಾಯಿಗೆ ಬರುವುದು ನ್ಯೂ ಆರ್ಲಿಯನ್ಸ್, ಶಿಕಾಗೊ, ನ್ಯೂಯಾರ್ಕ್. ಲಂಡನ್ನಿನ ಹೆಸರೆತ್ತುವವರು ಕಡಿಮೆ. ಬಹುಕಾಲ ಅದಕ್ಕೆ ಕಾರಣವೂ ಇತ್ತು. ಬ್ರಿಟನ್ನಿನ ಜಾಝ್ ವಾದಕರಲ್ಲಿ ಹೆಚ್ಚಿನವರು ಅಮೆರಿಕದ ರೆಕಾರ್ಡುಗಳನ್ನು ಕೇಳಿ ಅದೇ ಧಾಟಿಯಲ್ಲಿ ನುಡಿಸಲು ಹೆಣಗುತ್ತಿದ್ದರು. 1966ರಿಂದ 1976ರವರೆಗಿನ ಹತ್ತು ವರ್ಷಗಳಲ್ಲಿ ಈ ಸ್ಥಿತಿ ಬುಡಸಮೇತ ಬದಲಾಯಿತು. ಯಾರ ನಕಲೂ ಅಲ್ಲದ ಜಾಝ್ ಮತ್ತು ಜಾಝ್-ರಾಕ್ ಆಲ್ಬಂಗಳು ಒಂದರ ಹಿಂದೊಂದು ಹೊರಬಂದವು.

ವಿಶೇಷವೆಂದರೆ, ಈ ಬದಲಾವಣೆ ತಂದವರಲ್ಲಿ ಹಲವರು ಬ್ರಿಟನ್ನಿನಲ್ಲಿ ಹುಟ್ಟಿದವರಲ್ಲ. ಜಮೈಕಾ, ದಕ್ಷಿಣ ಆಫ್ರಿಕಾ, ರೊಡೇಷಿಯಾ, ಕೆನಡಾ, ಕಲ್ಕತ್ತ, ಮುಂಬೈಗಳಿಂದ ಬಂದು ಲಂಡನ್ನಿನಲ್ಲಿ ನೆಲೆ ಹುಡುಕಿದವರು. ಈ ಬೆರಕೆಯೇ ಆ ಕಾಲದ ಬ್ರಿಟಿಷ್ ಜಾಝ್‌ನ ಜೀವಾಳ. ಇದನ್ನು ಬಿಟ್ಟು ಬರೆದ ಚರಿತ್ರೆ ಅರ್ಧ ಚರಿತ್ರೆ.

ಜೋ ಹ್ಯಾರಿಯಟ್ ಹಾಕಿದ ಬುನಾದಿ

1935ರಿಂದ ಸುಮಾರು ಇಪ್ಪತ್ತು ವರ್ಷ, ಬ್ರಿಟಿಷ್ ಸಂಗೀತಗಾರರ ಕಾರ್ಮಿಕ ಸಂಘದ ಒತ್ತಡದಿಂದಾಗಿ, ಅಮೆರಿಕದ ವಾದ್ಯವೃಂದಗಳು ಬ್ರಿಟನ್ನಿಗೆ ಬಂದು ನುಡಿಸಲು ಹೆಚ್ಚುಕಡಿಮೆ ಅವಕಾಶವೇ ಇರಲಿಲ್ಲ. ಜಾಝ್ ಕಲಿಯಬೇಕೆನ್ನುವವರಿಗೆ ರೆಕಾರ್ಡುಗಳೇ ಗುರು. ಆ ಬಿಗಿ ಸಡಿಲಿದ ಮೇಲೆ, 1959ರಲ್ಲಿ, ಸ್ಯಾಕ್ಸೊಫೋನ್ ವಾದಕ ರಾನಿ ಸ್ಕಾಟ್ ಲಂಡನ್ನಿನ ಸೋಹೊ ಬಡಾವಣೆಯ ಜೆರಾರ್ಡ್ ಸ್ಟ್ರೀಟ್‌ನಲ್ಲಿ ತನ್ನ ಕ್ಲಬ್ ತೆರೆದ.

ಆ ಹೊತ್ತಿಗೆ ಜಮೈಕಾದ ಕಿಂಗ್‌ಸ್ಟನ್‌ನಿಂದ 1951ರಲ್ಲಿ ಬಂದಿದ್ದ ಆಲ್ಟೊ ಸ್ಯಾಕ್ಸೊಫೋನ್ ವಾದಕ ಜೋ ಹ್ಯಾರಿಯಟ್ ಬೇರೆಯೇ ದಿಕ್ಕಿನಲ್ಲಿ ಯೋಚಿಸುತ್ತಿದ್ದ. ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದಾಗ ಅವನಿಗೆ ಹೊಳೆದದ್ದು ಇದು: ನಿಗದಿತ ಲಯ, ನಿಗದಿತ ಸ್ವರಮೇಳ, ನಿಗದಿತ ಅಳತೆ ಇವುಗಳಲ್ಲಿ ಯಾವುದನ್ನು ಬೇಕಾದರೂ ಬೇಕಾದಾಗ ಕೈಬಿಡಬಹುದಾದ ಜಾಝ್. 1960ರಲ್ಲಿ ಮುದ್ರಿಸಿದ 'ಫ್ರೀ ಫಾರ್ಮ್' ಆ ಯೋಚನೆಯ ಫಲ. ಅಮೆರಿಕದಲ್ಲಿ ಆರ್ನೆಟ್ ಕೋಲ್ಮನ್ ನಡೆಸುತ್ತಿದ್ದ ಪ್ರಯೋಗಗಳಿಗೂ ಇದಕ್ಕೂ ಹೋಲಿಕೆ ಕಾಣುವವರಿದ್ದಾರೆ. ಕೇಳಿದರೆ ಎರಡೂ ಬೇರೆ ಎಂಬುದು ಸ್ಪಷ್ಟ. ಹ್ಯಾರಿಯಟ್‌ನ ಸಂಗೀತದಲ್ಲಿ ಮೌನಕ್ಕೆ, ಮಾತುಕತೆಗೆ ಹೆಚ್ಚಿನ ಜಾಗವಿದೆ. ತಕ್ಕ ಮನ್ನಣೆ ಸಿಗದೆ, ಕೈಯಲ್ಲಿ ಕಾಸಿಲ್ಲದೆ, 1973ರಲ್ಲಿ 44ರ ವಯಸ್ಸಿಗೇ ಅವನು ತೀರಿಕೊಂಡ. ಬ್ರಿಟಿಷ್ ಜಾಝ್ ಅವನಿಗೆ ಮಾಡಿದ ಅನ್ಯಾಯ ಸಣ್ಣದಲ್ಲ.

ಎರಡು ಪುಟ್ಟ ಜಾಗಗಳು

1965ರ ಕೊನೆಗೆ ರಾನಿ ಸ್ಕಾಟ್ ತನ್ನ ಕ್ಲಬ್ಬನ್ನು ಫ್ರಿತ್ ಸ್ಟ್ರೀಟ್‌ನ ದೊಡ್ಡ ಕಟ್ಟಡಕ್ಕೆ ಸಾಗಿಸಿದ. ಜೆರಾರ್ಡ್ ಸ್ಟ್ರೀಟ್‌ನ ಜಾಗದ ಬಾಡಿಗೆ ಕರಾರು ಇನ್ನೂ ಮುಗಿದಿರಲಿಲ್ಲ. ಅದನ್ನು ಅವನು ಎಳೆಯ ವಾದಕರಿಗೆ ಬಿಟ್ಟುಕೊಟ್ಟ. 'ಓಲ್ಡ್ ಪ್ಲೇಸ್' ಎಂದು ಹೆಸರಾದ ಆ ಕ್ಲಬ್ಬು 1968ರವರೆಗೆ ನಡೆಯಿತು. ಮೈಕ್ ವೆಸ್ಟ್‌ಬ್ರೂಕ್, ಜಾನ್ ಸರ್ಮನ್, ಕ್ರಿಸ್ ಮೆಕ್‌ಗ್ರೆಗರ್ ಮೊದಲಾದವರು ಪಳಗಿದ್ದು ಇಲ್ಲಿ.

ಇನ್ನೊಂದು ಜಾಗ ಸೇಂಟ್ ಮಾರ್ಟಿನ್ಸ್ ಲೇನ್‌ನ ಲಿಟಲ್ ಥಿಯೇಟರ್ ಕ್ಲಬ್. ರಾತ್ರಿ ನಾಟಕ ಮುಗಿದು ಪ್ರೇಕ್ಷಕರು ಹೊರಟ ಮೇಲೆ, 1966ರ ಜನವರಿಯಿಂದ, ಡ್ರಮ್ ವಾದಕ ಜಾನ್ ಸ್ಟೀವನ್ಸ್ ಅಲ್ಲಿ ಸಂಗೀತ ನಡೆಸತೊಡಗಿದ. ಅವನ ತಂಡದ ಹೆಸರು ಸ್ಪಾಂಟೇನಿಯಸ್ ಮ್ಯೂಸಿಕ್ ಆನ್ಸಾಂಬಲ್. ಕೇಳಲು ಬರುವವರು ಎಷ್ಟೋ ರಾತ್ರಿ ಬೆರಳೆಣಿಕೆಯಷ್ಟು. ಯುರೋಪಿನ ಮುಕ್ತ ಮನೋಧರ್ಮ ಸಂಗೀತಕ್ಕೆ ಆಕಾರ ಬಂದದ್ದರಲ್ಲಿ ಈ ಪುಟ್ಟ ಕೋಣೆಯ ಪಾಲು ದೊಡ್ಡದು.

ಸ್ಟೀವನ್ಸ್ ಕಲಿಸುತ್ತಿದ್ದ ಕ್ರಮ ಗಮನಿಸುವಂಥದ್ದು. ಅವನ ಒಂದು ಅಭ್ಯಾಸದಲ್ಲಿ ಪ್ರತಿಯೊಬ್ಬ ವಾದಕನೂ ತನ್ನ ವಾದ್ಯದಿಂದ ಸಾಧ್ಯವಿರುವ ಅತಿ ಚಿಕ್ಕ ಸದ್ದನ್ನು, ಒಂದು ಚಿಟಿಕೆಯಷ್ಟನ್ನೇ, ಹೊರಡಿಸಬೇಕು. ಹತ್ತು ಜನ ಹೀಗೆ ಚಿಟಿಕೆ ಹಾಕುತ್ತ ಹೋದಂತೆ, ಯಾರೂ ಬರೆಯದ ಒಂದು ಲಯ ತಾನಾಗಿ ಏಳುತ್ತದೆ. ಇನ್ನೊಂದರಲ್ಲಿ ಉಸಿರು ತುಂಬಿಕೊಂಡು, ಆ ಉಸಿರು ಮುಗಿಯುವವರೆಗೆ ಒಂದೇ ಸ್ವರ ಹಿಡಿಯಬೇಕು. ಪಕ್ಕದವನ ಸದ್ದು ಕೇಳಿಸದಿದ್ದರೆ ನೀನು ಜೋರಾಗಿ ನುಡಿಸುತ್ತಿದ್ದೀಯ ಎಂದರ್ಥ. ಕರ್ನಾಟಕ ಸಂಗೀತದ ಮನೋಧರ್ಮಕ್ಕೆ ರಾಗ ತಾಳಗಳ ಆಸರೆಯಿದೆ. ಇಲ್ಲಿ ಅದೂ ಇಲ್ಲ, ಉಳಿದಿರುವ ಆಸರೆ ಕಿವಿಯೊಂದೇ.

1968ರ ಫೆಬ್ರವರಿಯಲ್ಲಿ ಮುದ್ರಿಸಿದ 'ಕಾರ್ಯೋಬಿನ್' ಆಲ್ಬಂನಲ್ಲಿ ಇದರ ಪಕ್ವ ರೂಪವಿದೆ. ಸ್ಟೀವನ್ಸ್ ಜೊತೆಗೆ ಕೆನಡಾದಿಂದ ಬಂದ ತುತೂರಿ ವಾದಕ ಕೆನ್ನಿ ವ್ಹೀಲರ್, ಸ್ಯಾಕ್ಸೊಫೋನ್‌ನಲ್ಲಿ ಇವಾನ್ ಪಾರ್ಕರ್, ಗಿಟಾರ್‌ನಲ್ಲಿ ಡೆರೆಕ್ ಬೇಲಿ, ಬೇಸ್‌ನಲ್ಲಿ ಡೇವ್ ಹಾಲಂಡ್. ಐವರಲ್ಲಿ ಯಾರೂ ಮುಂದಾಳಲ್ಲ, ಯಾರೂ ಪಕ್ಕವಾದ್ಯದವರಲ್ಲ. ಅದೇ ವರ್ಷ ರಾನಿ ಸ್ಕಾಟ್ ಕ್ಲಬ್ಬಿನಲ್ಲಿ ಹಾಲಂಡ್ ನುಡಿಸಿದ್ದನ್ನು ಕೇಳಿದ ಅಮೆರಿಕದ ತುತೂರಿ ವಾದಕ ಮೈಲ್ಸ್ ಡೇವಿಸ್ ಅವನನ್ನು ತನ್ನ ತಂಡಕ್ಕೆ ಕರೆಸಿಕೊಂಡ.

ದಕ್ಷಿಣ ಆಫ್ರಿಕಾದ ಬ್ಲೂ ನೋಟ್ಸ್

ಬಿಳಿಯ ಪಿಯಾನೊ ವಾದಕ ಕ್ರಿಸ್ ಮೆಕ್‌ಗ್ರೆಗರ್ ಮತ್ತು ಅವನ ಕರಿಯ ಸಂಗಾತಿಗಳು ಒಂದೇ ವೇದಿಕೆಯಲ್ಲಿ ನುಡಿಸುವುದು ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಕಾನೂನಿಗೆ ವಿರುದ್ಧವಾಗಿತ್ತು. ಅವರ 'ಬ್ಲೂ ನೋಟ್ಸ್' ತಂಡ 1964ರಲ್ಲಿ ಫ್ರಾನ್ಸಿನ ಆಂತೀಬ್ ಜಾಝ್ ಉತ್ಸವಕ್ಕೆಂದು ಹೊರಟು ಯುರೋಪಿನಲ್ಲೇ ಉಳಿಯಿತು. ಮರುವರ್ಷ ಲಂಡನ್ ಸೇರಿತು. ಸ್ಯಾಕ್ಸೊಫೋನ್ ವಾದಕ ಡುಡು ಪುಕ್ವಾನ, ತುತೂರಿಯ ಮೊಂಗೆಝಿ ಫೇಝಾ, ಬೇಸ್‌ನ ಜಾನಿ ದ್ಯಾನಿ, ಡ್ರಮ್‌ನ ಲೂಯಿಸ್ ಮೊಹೊಲೊ ಇವರು ತಂದ ಬಿಸಿ ಲಂಡನ್ನಿಗೆ ಹೊಸದು. ಕರಿಯರ ಟೌನ್‌ಶಿಪ್‌ಗಳಲ್ಲಿ ಜನ ಕುಣಿಯುತ್ತಿದ್ದ ಧಾಟಿಗಳನ್ನೂ ಕಟ್ಟಿಲ್ಲದ ಮುಕ್ತ ವಾದನವನ್ನೂ ಅವರು ಒಂದೇ ಉಸಿರಿನಲ್ಲಿ ನುಡಿಸುತ್ತಿದ್ದರು.

ಮೆಕ್‌ಗ್ರೆಗರ್ ಮುಂದೆ ಕಟ್ಟಿದ ದೊಡ್ಡ ವಾದ್ಯವೃಂದ 'ಬ್ರದರ್‌ಹುಡ್ ಆಫ್ ಬ್ರೆತ್'. ಈ ಆಫ್ರಿಕನ್ನರ ಪಕ್ಕದಲ್ಲಿ ಜಾನ್ ಸರ್ಮನ್, ಮೈಕ್ ಆಸ್ಬೋರ್ನ್, ಅಲನ್ ಸ್ಕಿಡ್‌ಮೋರ್ ಮುಂತಾದ ಇಂಗ್ಲಿಷರು ಕೂತು ಊದಿದರು. 1971ರಲ್ಲಿ ಬಂದ ಅದೇ ಹೆಸರಿನ ಆಲ್ಬಂನಲ್ಲಿ ಒಂದು ಸರಳ ಧಾಟಿ ಮತ್ತೆ ಮತ್ತೆ ಸುತ್ತುತ್ತದೆ, ಅದರ ಮೇಲೆ ಹಿತ್ತಾಳೆಯ ವಾದ್ಯಗಳೆಲ್ಲ ಒಟ್ಟಿಗೆ ಹುಯ್ಲೆಬ್ಬಿಸುತ್ತವೆ. ಅಷ್ಟು ಗದ್ದಲದ ನಡುವೆಯೂ ಕುಣಿತದ ಲಯ ಕಳಚುವುದಿಲ್ಲ. ಈ ಕಾಲದ ಬ್ರಿಟಿಷ್ ರೆಕಾರ್ಡುಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ದೊಡ್ಡ ಕಂಪನಿಗಳು ಕೈಹಿಡಿದ ಕೆಲವು ವರ್ಷ

ಇಂಥ ಸಂಗೀತಕ್ಕೆ ಹಣ ಹಾಕಿದವರು ಯಾರು? ಬೀಟಲ್ಸ್ ನಂತರದ ರಾಕ್ ಮಾರುಕಟ್ಟೆಯೇ ಉತ್ತರ. ಯುವಕರು ಎಲ್‌ಪಿಗಳನ್ನು ಮುಗಿಬಿದ್ದು ಕೊಳ್ಳುತ್ತಿದ್ದ ಕಾಲ. ಮುಂದೆ ಯಾವುದು ಓಡುತ್ತದೋ ಹೇಳಲಾಗದ ಕಂಪನಿಗಳು ಹೊಸ ರುಚಿಗಾಗಿಯೇ ಬೇರೆ ಲೇಬಲ್ ತೆರೆದವು: ಡೆಕ್ಕಾದ ಡೆರಾಮ್, ಫಿಲಿಪ್ಸ್‌ನ ವರ್ಟಿಗೊ, ಪೈ ಕಂಪನಿಯ ಡಾನ್, ಆರ್‌ಸಿಎಯ ನಿಯಾನ್. ರಾಕ್ ತಂಡಗಳ ಸಾಲಿನಲ್ಲೇ ಜಾಝ್‌ನವರಿಗೂ ಜಾಗ ಸಿಕ್ಕಿತು.

ಡೆರಾಮ್‌ಗಾಗಿ ಮೈಕ್ ವೆಸ್ಟ್‌ಬ್ರೂಕ್ ಮಾಡಿದ 'ಮಾರ್ಚಿಂಗ್ ಸಾಂಗ್' (1969) ಎರಡು ಎಲ್‌ಪಿಗಳ ಯುದ್ಧವಿರೋಧಿ ಕೃತಿ. ಸೈನಿಕರನ್ನು ಬೀಳ್ಕೊಡುವ ಜನಜಂಗುಳಿಯ ಜಯಕಾರದಿಂದ ಆರಂಭವಾಗಿ, ಕಾಳಗದ ಭೀಕರತೆಯನ್ನು ಹಾದು, ಸತ್ತವರ ಸ್ಮರಣೆಯಲ್ಲಿ ಮುಗಿಯುತ್ತದೆ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ದಿನಗಳು ಅವು. ಇದರಲ್ಲಿ ಡೆವನ್ ಸೀಮೆಯ ಜಾನ್ ಸರ್ಮನ್ ಊದುವ ಬ್ಯಾರಿಟೋನ್ ಸ್ಯಾಕ್ಸೊಫೋನ್ ಕೇಳಬೇಕು. ಅಷ್ಟು ಭಾರದ, ತಗ್ಗು ಸ್ಥಾಯಿಯ ವಾದ್ಯವನ್ನು ಅವನು ಅತಿತಾರಕ್ಕೆ ಏರಿಸುವ ಬಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ರೊಡೇಷಿಯಾದಲ್ಲಿ ಹುಟ್ಟಿದ ಮೈಕ್ ಗಿಬ್ಸ್‌ನ 'ಟ್ಯಾಂಗಲ್‌ವುಡ್ 63' (1971) ಕೂಡ ಡೆರಾಮ್‌ನದೇ.

ಬ್ರಿಸ್ಟಲ್‌ನ ಪಿಯಾನೊ ವಾದಕ ಕೀತ್ ಟಿಪ್ಪೆಟ್ ಇನ್ನೂ ದೊಡ್ಡ ಹೆಜ್ಜೆ ಇಟ್ಟ. ಜಾಝ್, ರಾಕ್, ಶಾಸ್ತ್ರೀಯ ಸಂಗೀತಗಳಿಂದ 50 ಜನರನ್ನು ಕೂಡಿಸಿ 'ಸೆಂಟಿಪೀಡ್' ಕಟ್ಟಿದ. ಐವತ್ತು ಜನರಿಗೆ ನೂರು ಕಾಲು, ಅದಕ್ಕೇ ಆ ಹೆಸರು. 1971ರ 'ಸೆಪ್ಟೋಬರ್ ಎನರ್ಜಿ' ನಾಲ್ಕು ಮಗ್ಗುಲುಗಳ ಒಂದೇ ಕೃತಿ, ಅದರ ನಿರ್ಮಾಪಕ ಕಿಂಗ್ ಕ್ರಿಮ್ಸನ್ ತಂಡದ ರಾಬರ್ಟ್ ಫ್ರಿಪ್. ಕೆಲವು ಭಾಗ ಜಾಳಾಗಿದೆ, ಒಪ್ಪಬೇಕು. ಒಂದು ವಾಣಿಜ್ಯ ಕಂಪನಿ ಇದಕ್ಕೆ ದುಡ್ಡು ಕೊಟ್ಟಿತು ಎಂಬುದೇ ಆ ಕಾಲದ ಉದಾರತೆಗೆ ಸಾಕ್ಷಿ. ಇದನ್ನು ಹೊರತಂದ ನಿಯಾನ್ ಒಟ್ಟು ಹನ್ನೊಂದು ಆಲ್ಬಂ ತಂದು ಬೇಗನೆ ಬಾಗಿಲು ಹಾಕಿತು.

ಜಾಝ್-ರಾಕ್

ಯಾರ್ಕ್‌ಷೈರಿನ ಡಾಂಕಾಸ್ಟರ್‌ನಲ್ಲಿ ಹುಟ್ಟಿದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 1969ರ ಜನವರಿಯಲ್ಲಿ 'ಎಕ್ಸ್‌ಟ್ರಾಪೊಲೇಶನ್' ಮುದ್ರಿಸಿದ. ಜೊತೆಗೆ ಸರ್ಮನ್, ಬ್ರಯಾನ್ ಓಡ್ಜಸ್ ಮತ್ತು ಡ್ರಮ್ ವಾದಕ ಟೋನಿ ಆಕ್ಸ್ಲಿ. ಇದರ 'ಅರ್ಜೆನ್ಸ್ ಬ್ಯಾಗ್' ಹನ್ನೊಂದು ಎಣಿಕೆಯ ಆವರ್ತದಲ್ಲಿ ಸಾಗುತ್ತದೆ. ನಮ್ಮ ತಾಳಗಳಿಗೆ ಒಗ್ಗಿದ ಕಿವಿಗೆ ಅದು ಸಹಜ, ಆಗಿನ ಇಂಗ್ಲಿಷ್ ಜಾಝ್‌ಗೆ ಅಪರೂಪ. ಮುಂದಿನ ತಿಂಗಳೇ ಅವನು ಅಮೆರಿಕಕ್ಕೆ ಹೋದ. ಮೈಲ್ಸ್ ಡೇವಿಸ್‌ನ 'ಇನ್ ಎ ಸೈಲೆಂಟ್ ವೇ'ಯಲ್ಲಿ ಮೆಕ್‌ಲಾಫ್ಲಿನ್, ಹಾಲಂಡ್ ಇಬ್ಬರೂ ಇದ್ದಾರೆ. ಜಾಝ್-ರಾಕ್ ಅಮೆರಿಕದ ಸೃಷ್ಟಿ ಎನ್ನುವಾಗ ಈ ಇಬ್ಬರು ಇಂಗ್ಲಿಷರನ್ನು ಮರೆಯಬಾರದು.

ಲಂಡನ್ನಿನಲ್ಲೇ ಉಳಿದ ತುತೂರಿ ವಾದಕ ಇಯಾನ್ ಕಾರ್ 1969ರಲ್ಲಿ 'ನ್ಯೂಕ್ಲಿಯಸ್' ಕಟ್ಟಿದ. 'ಇಲಾಸ್ಟಿಕ್ ರಾಕ್' ಆಲ್ಬಂ ಮುದ್ರಣವಾದದ್ದು 1970ರ ಜನವರಿಯಲ್ಲಿ, ಮೈಲ್ಸ್‌ನ 'ಬಿಚಸ್ ಬ್ರೂ' ಅಂಗಡಿಗೆ ಬರುವ ಮೊದಲೇ. ಅದೇ ವರ್ಷ ಮಾಂಟ್ರೊ ಉತ್ಸವದ ಸ್ಪರ್ಧೆಯಲ್ಲಿ ತಂಡ ಗೆದ್ದಿತು. ಕಾರ್ ಲೇಖಕನೂ ಹೌದು: ಬ್ರಿಟನ್ನಿನ ಹೊಸ ಜಾಝ್ ಬಗ್ಗೆ 1973ರಲ್ಲಿ ಅವನು ಬರೆದ 'ಮ್ಯೂಸಿಕ್ ಔಟ್‌ಸೈಡ್' ಇಂದಿಗೂ ಮುಖ್ಯ ಆಕರ.

ಕ್ಯಾಂಟರ್ಬರಿಯ ಸಾಫ್ಟ್ ಮಷೀನ್ ರಾಕ್‌ನ ಕಡೆಯಿಂದ ಜಾಝ್‌ನತ್ತ ನಡೆದುಬಂದ ತಂಡ. ಅವರ 'ಥರ್ಡ್' (1970) ಎರಡು ಎಲ್‌ಪಿ, ಪ್ರತಿ ಮಗ್ಗುಲಿಗೆ ಒಂದೇ ರಚನೆ. 'ಫೇಸ್‌ಲಿಫ್ಟ್' ಎಂಬ ಮೊದಲ ರಚನೆಯನ್ನು ಕಛೇರಿಗಳ ಟೇಪುಗಳನ್ನು ಕತ್ತರಿಸಿ, ಅಂಟಿಸಿ ಸಿದ್ಧಪಡಿಸಿದರು. 1970ರ ಆಗಸ್ಟ್ 13ರಂದು ಅವರು ಶಾಸ್ತ್ರೀಯ ಸಂಗೀತದ ಪ್ರಾಮ್ಸ್ ಉತ್ಸವದಲ್ಲಿ, ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದರು. ಸಿಗರೇಟಿಗೆಂದು ಹೊರಗೆ ಹೋದ ಡ್ರಮ್ ವಾದಕ ರಾಬರ್ಟ್ ವಯಟ್‌ನನ್ನು ಬಾಗಿಲ ಕಾವಲುಗಾರ ಒಳಗೆ ಬಿಡಲು ಹಿಂದೆಮುಂದೆ ನೋಡಿದನಂತೆ, ಇಲ್ಲಿ ನುಡಿಸುವವನು ಇವನೆಂದು ಅವನಿಗೆ ನಂಬಿಕೆ ಬರಲಿಲ್ಲ. ಮರುವರ್ಷ ವಯಟ್ ತಂಡ ಬಿಟ್ಟ. ಕಾರ್ಲ್ ಜೆಂಕಿನ್ಸ್ ಮೊದಲಾಗಿ ನ್ಯೂಕ್ಲಿಯಸ್‌ನವರೇ ಬಂದು ತುಂಬಿಕೊಂಡರು. 1976ರ ಹೊತ್ತಿಗೆ ಮೂಲ ಸದಸ್ಯರು ಒಬ್ಬರೂ ಇರಲಿಲ್ಲ. ಕೊನೆಯ ಆಲ್ಬಂಗಳಲ್ಲಿ ಕೈಚಳಕವಿದೆ, 'ಥರ್ಡ್'ನ ಹುಡುಕಾಟವಿಲ್ಲ.

ಭಾರತದ ಎಳೆ, ಕಲ್ಯಾಣದ ನಂಟು

ಕಲ್ಕತ್ತದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಪಿಟೀಲು ವಾದಕನಾಗಿದ್ದ ಜಾನ್ ಮೇಯರ್ ಜೋ ಹ್ಯಾರಿಯಟ್ ಜೊತೆಗೂಡಿ 1966ರಲ್ಲಿ 'ಇಂಡೋ-ಜಾಝ್ ಸ್ವೀಟ್' ತಂದ. ಸಿತಾರ್‌ನಲ್ಲಿ ದಿವಾನ್ ಮೋತಿಹಾರ್, ತಬಲಾದಲ್ಲಿ ಕೇಶವ ಸಾಠೆ. ರಾಗದ ಸ್ವರಗಳನ್ನು ಬರೆದು ಕೊಟ್ಟು, ಜಾಝ್ ವಾದಕರು ಆ ಚೌಕಟ್ಟಿನೊಳಗೇ ಮನೋಧರ್ಮ ತೋರುವಂತೆ ಮೇಯರ್ ರಚಿಸಿದ್ದಾನೆ. ನನ್ನ ಕಿವಿಗೆ ಇದಕ್ಕಿಂತ ಹಿತವಾದದ್ದು ಮುಂಬೈನ ಗೋವಾ ಮೂಲದ ಗಿಟಾರ್ ವಾದಕ ಅಮಾನ್ಸಿಯೊ ಡಿಸಿಲ್ವಾ 1969ರಲ್ಲಿ ಹ್ಯಾರಿಯಟ್ ಜೊತೆ ಮಾಡಿದ 'ಹಮ್ ದೋನೋ'. ಅಲ್ಲಿ ಸಿತಾರ್, ತಬಲಾ ಏನೂ ಇಲ್ಲ. ಭಾರತ ಇರುವುದು ಡಿಸಿಲ್ವಾನ ಬೆರಳುಗಳಲ್ಲಿ, ಅವನು ಸ್ವರವನ್ನು ಜಾರಿಸುವ ರೀತಿಯಲ್ಲಿ.

ಕನ್ನಡಿಗರು ತಿಳಿಯಬೇಕಾದ ಸಂಗತಿ ಇನ್ನೊಂದಿದೆ. ಪಿಯಾನೊ ವಾದಕ ಮೈಕೆಲ್ ಗ್ಯಾರಿಕ್ ರಚಿಸಿದ 'ಬ್ಲ್ಯಾಕ್ ಮೇರಿಗೋಲ್ಡ್ಸ್' ಡಾನ್ ರೆಂಡೆಲ್–ಇಯಾನ್ ಕಾರ್ ತಂಡದ 'ಫೇಸ್ 3' (1968) ಆಲ್ಬಂನಲ್ಲಿದೆ. ಅದೇ ಹೆಸರು ಪೌಯಿಸ್ ಮ್ಯಾಥರ್ಸ್ 1919ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾವ್ಯದ್ದು. ಅದರ ಮೂಲ ಸಂಸ್ಕೃತದ 'ಚೌರಪಂಚಾಶಿಕಾ', ಕವಿ ಬಿಲ್ಹಣ. ಕಾಶ್ಮೀರದಿಂದ ಹೊರಟ ಬಿಲ್ಹಣ ಆಶ್ರಯ ಪಡೆದದ್ದು ಕಲ್ಯಾಣ ಚಾಳುಕ್ಯರ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ.

ಬೆಂಗಳೂರಿಗೂ ಒಂದು ಎಳೆ ತಾಕುತ್ತದೆ. ಕಾರ್ 1970ರ ದಶಕದಿಂದ ನುಡಿಸಿದ ಯುನೈಟೆಡ್ ಜಾಝ್ ಅಂಡ್ ರಾಕ್ ಆನ್ಸಾಂಬಲ್‌ನಲ್ಲಿ ಅವನ ಸಹವಾದಕನಾಗಿದ್ದವನು ಅಮೆರಿಕದ ಚಾರ್ಲಿ ಮರಿಯಾನೊ. ಬೆಂಗಳೂರಿನ ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಮತ್ತು ಗಾಯಕಿ ಆರ್.ಎ. ರಮಾಮಣಿಯವರೊಂದಿಗೆ 'ಜ್ಯೋತಿ' (1983) ಆಲ್ಬಂ ಮಾಡಿದವನು ಇದೇ ಮರಿಯಾನೊ.

ಬಾಗಿಲು ಮುಚ್ಚಿದಾಗ

1972ರ ನಂತರ ದೊಡ್ಡ ಕಂಪನಿಗಳ ಉತ್ಸಾಹ ಇಳಿಯಿತು. ವಾದಕರು ತಮ್ಮ ರೆಕಾರ್ಡುಗಳನ್ನು ತಾವೇ ತರತೊಡಗಿದರು. ದಾರಿ ಮೊದಲೇ ಬಿದ್ದಿತ್ತು: ಪಾರ್ಕರ್, ಬೇಲಿ, ಆಕ್ಸ್ಲಿ ಸೇರಿ 1970ರಲ್ಲೇ 'ಇನ್‌ಕಸ್' ಲೇಬಲ್ ಆರಂಭಿಸಿದ್ದರು. ದಕ್ಷಿಣ ಆಫ್ರಿಕಾದ ಬೇಸ್ ವಾದಕ ಹ್ಯಾರಿ ಮಿಲ್ಲರ್ ಮತ್ತು ಹೇಝಲ್ ಮಿಲ್ಲರ್ ದಂಪತಿ 'ಓಗುನ್' ಕಟ್ಟಿದರು. ಸರ್ಮನ್, ಆಸ್ಬೋರ್ನ್, ಸ್ಕಿಡ್‌ಮೋರ್ ಮೂವರೇ ಸೇರಿ ಮಾಡಿದ ಸ್ಯಾಕ್ಸೊಫೋನ್ ಆಲ್ಬಂ 'ಎಸ್.ಓ.ಎಸ್.' (1975) ಓಗುನ್‌ನದು.

1975ರ ಡಿಸೆಂಬರ್‌ನಲ್ಲಿ ಮೊಂಗೆಝಿ ಫೇಝಾ ಲಂಡನ್ನಿನಲ್ಲಿ ತೀರಿಕೊಂಡ, ವಯಸ್ಸು 30. ಅವನ ಸ್ಮರಣೆಯ ಪ್ರಾರ್ಥನೆ ಮುಗಿಸಿ ಉಳಿದ ನಾಲ್ವರು ಬ್ಲೂ ನೋಟ್ಸ್ ಗೆಳೆಯರು ಅಭ್ಯಾಸದ ಕೋಣೆಗೆ ಬಂದರು. ಏನು ನುಡಿಸಬೇಕೆಂದು ಮಾತಾಡಿಕೊಳ್ಳದೆ ನುಡಿಸಿದರು, ಹಾಡಿದರು, ತಮ್ಮ ಭಾಷೆಯಲ್ಲಿ ಅವನನ್ನು ಕೂಗಿ ಕರೆದರು. ಟೇಪು ಓಡುತ್ತಿತ್ತು. 'ಬ್ಲೂ ನೋಟ್ಸ್ ಫಾರ್ ಮೊಂಗೆಝಿ' ಎಂದು 1976ರಲ್ಲಿ ಹೊರಬಂದ ಈ ಎರಡು ಎಲ್‌ಪಿಗಳನ್ನು ಸಂಗೀತ ಎನ್ನುವುದಕ್ಕಿಂತ ಶೋಕ ಎನ್ನುವುದೇ ಸರಿ. ಊರು ಬಿಟ್ಟು ಬಂದವರು ಪರದೇಶದಲ್ಲಿ ತಮ್ಮವನೊಬ್ಬನಿಗೆ ಮಾಡಿದ ಅಂತ್ಯಕ್ರಿಯೆ ಅದು. ಅವರಲ್ಲಿ ತಾಯ್ನಾಡಿಗೆ ಮರಳಿ ನೆಲೆಸಲು ಸಾಧ್ಯವಾದದ್ದು ಮೊಹೊಲೊಗೆ ಮಾತ್ರ, ಅದೂ 2005ರಲ್ಲಿ.

ಎಲ್ಲಿಂದ ಕೇಳಬೇಕು

ಎಷ್ಟೋ ಕಾಲ ಈ ಎಲ್‌ಪಿಗಳು ಸಂಗ್ರಾಹಕರ ಕಪಾಟಿನಲ್ಲಷ್ಟೇ ಇದ್ದವು. ರೇಡಿಯೊ ನಿರೂಪಕ ಜೈಲ್ಸ್ ಪೀಟರ್ಸನ್ 2002ರಲ್ಲಿ ತಂದ 'ಇಂಪ್ರೆಸ್ಡ್' ಸಂಕಲನ ಹೊಸ ತಲೆಮಾರಿನ ಕಿವಿ ತೆರೆಸಿತು. 2021ರಿಂದ ಡೆಕ್ಕಾ ತನ್ನ ಹಳೆಯ ಜಾಝ್ ಆಲ್ಬಂಗಳನ್ನು ಮತ್ತೆ ಒತ್ತಿಸಿತು. ಈಗ ಹಲವು ಆಲ್ಬಂಗಳು ಫೋನಿನಲ್ಲೇ ಸಿಗುತ್ತವೆ. ಜಾಝ್‌ಗೆ ಹೊಸಬರಾದರೆ 'ಹಮ್ ದೋನೋ'ದಿಂದ ಶುರು ಮಾಡಿ, 'ಇಲಾಸ್ಟಿಕ್ ರಾಕ್' ದಾಟಿ, 'ಬ್ರದರ್‌ಹುಡ್ ಆಫ್ ಬ್ರೆತ್'ಗೆ ಬನ್ನಿ. 'ಕಾರ್ಯೋಬಿನ್' ಕೊನೆಗಿರಲಿ. ಅದನ್ನು ಬೇರೆ ಕೆಲಸ ಮಾಡುತ್ತ ಕೇಳಬೇಡಿ, ಸುಮ್ಮನೆ ಕೂತು ಪೂರ್ತಿ ಕೇಳಿ.