ಅಶೋಕನ ಹೆಸರು ಸಿಕ್ಕ ಬಂಡೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವಾಗ ಎಷ್ಟೋ ಸಲ ಮಸ್ಕಿ ದಾಟಿದ್ದೇನೆ. ಇಳಿದದ್ದು ಹೋದ ತಿಂಗಳು. ದಾರಿ ಕೇಳಿದರೆ ಅಜ್ಜರೊಬ್ಬರು, "ಅಶೋಕನ ಕಲ್ಲೇನ್ರಿ? ಹಿಂಗ ಹೋಗ್ರಿ" ಅಂದರು.

ಆ ಹೆಸರು ಇಷ್ಟು ಸಲೀಸಾಗಿ ಬರೋಕೆ ಈ ಕಲ್ಲೇ ಕಾರಣ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬ ಬಿರುದು. ಇವನೇ ಅಶೋಕ ಅಂತ ವಿದ್ವಾಂಸರು ಸಿಂಹಳದ ಗ್ರಂಥಗಳ ಬಲದಿಂದ ಹೇಳಿದರು. ಕಲ್ಲಿನ ಸಾಕ್ಷಿಗೆ 1915ರವರೆಗೆ ಕಾಯಬೇಕಾಯ್ತು. ಆ ವರ್ಷ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಇಲ್ಲಿ ಈ ಶಾಸನ ಪತ್ತೆ ಮಾಡಿದ. ಅದರಲ್ಲಿ 'ಅಸೋಕ' ಅಂತಲೇ ಇತ್ತು! ಆಮೇಲೆ ಬಳ್ಳಾರಿ ಕಡೆಯ ನಿಟ್ಟೂರು, ಉದೇಗೋಳಗಳಲ್ಲೂ ಆ ಹೆಸರು ಸಿಕ್ಕಿತು.

ಅಕ್ಷರ ಬ್ರಾಹ್ಮಿ, ಭಾಷೆ ಪ್ರಾಕೃತ. ನಾನು ಸುಮ್ಮನೆ ನೋಡಿದೆ. ವಾಪಸ್ ಬರುವಾಗ ಅಜ್ಜ ಅಲ್ಲೇ ಕೂತಿದ್ದರು.

"ಏನ್ ಬರದಾನ್ರಿ?"

"ಧರ್ಮದಾಗ ನಡದ್ರ ದೊಡ್ಡೋರಿಗಷ್ಟೇ ಅಲ್ಲ, ಸಣ್ಣೋರಿಗೂ ಫಲ ಸಿಗತೈತಿ ಅಂತ, ಅಜ್ಜಾ."

"ಸಣ್ಣೋರಿಗೂ ಅಂತ ಬರದಾನೇನು?" ಅಂತ ಅಜ್ಜ ಇನ್ನೊಮ್ಮೆ ಕೇಳಿದರು. ಹೌದೆಂದೆ. ಅವರು ಗುಡ್ಡದ ಕಡೆ ತಿರುಗಿ ನೋಡಿದರು.