ಜೋಡಣೆಯನ್ನು ಅಳೆಯುವುದು: ಮಾನಸಿಕ ಆರೋಗ್ಯದ ಡಿಜಿಟಲ್ ಸಾಧನಗಳ ಸಂಶೋಧನೆ ಕುರಿತು

ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇರುವವರಲ್ಲಿ ಸುಮಾರು ಶೇ. 85ರಷ್ಟು ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲವೆಂದು ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಕಂಡುಕೊಂಡಿತು. ವೈದ್ಯರು ಸಾಲದು, ಫೋನು ಎಲ್ಲರ ಕೈಯಲ್ಲಿದೆ, ಆದ್ದರಿಂದ ಫೋನೇ ಆ ಅಂತರವನ್ನು ತುಂಬಲಿ ಎಂಬ ತರ್ಕಕ್ಕೆ ಇಂಥ ಅಂಕಿಗಳೇ ಬಂಡವಾಳ. ಮೊದಲ ಮಾತು ನಿಜ. ಎರಡನೆಯದು ಅರ್ಧ ನಿಜ. ಮೂರನೆಯದಕ್ಕೆ ಪುರಾವೆ ತೀರ ತೆಳು. ಸಾಧನದ ಫಲ ಅದರೊಳಗಿನ ತಂತ್ರಾಂಶಕ್ಕಿಂತ ಹೆಚ್ಚಾಗಿ ಅದು ಯಾರನ್ನು ಯಾರ ಬಳಿಗೆ ತಲುಪಿಸುತ್ತದೆ ಎಂಬುದರ ಮೇಲೆ ನಿಂತಿದೆ, ಸಂಶೋಧನೆ ಅಳೆಯಬೇಕಾದದ್ದೂ ಅದನ್ನೇ ಎಂಬುದು ನನ್ನ ವಾದ.

ಒಂಟಿ ಆ್ಯಪಿನ ಪರವಾಗಿ ಪದೇ ಪದೇ ಎತ್ತಿ ತೋರಿಸುವ ಪುರಾವೆ 2017ರಲ್ಲಿ ಪ್ರಕಟವಾದ ವೋಬಾಟ್ ಪ್ರಯೋಗ. ಸಂಭಾಷಣಾ ತಂತ್ರಾಂಶ ಬಳಸಿದ ಯುವಜನರಲ್ಲಿ ಖಿನ್ನತೆಯ ಅಂಕ ಇಳಿಯಿತು. ಆದರೆ ಪಾಲ್ಗೊಂಡವರು 70 ಮಂದಿ, ಅವಧಿ ಎರಡು ವಾರ. ಪ್ರಯೋಗದ ಹೊರಗೆ, ದಿನಬಳಕೆಯಲ್ಲಿ ಚಿತ್ರ ಬೇರೆ. ಮಾನಸಿಕ ಆರೋಗ್ಯದ 93 ಆ್ಯಪ್‌ಗಳ ಬಳಕೆಯನ್ನು ಪರಿಶೀಲಿಸಿದ 2019ರ ಅಧ್ಯಯನದಲ್ಲಿ, ಇಳಿಸಿಕೊಂಡವರ ಪೈಕಿ ಮೂವತ್ತನೆಯ ದಿನಕ್ಕೂ ಆ್ಯಪ್ ತೆರೆಯುತ್ತಿದ್ದವರ ಮಧ್ಯಾಂಕ ಪ್ರಮಾಣ ಶೇ. 3.3 ಮಾತ್ರ. ಉಳಿದವರು ಗುಣವಾಗಿ ಬಿಟ್ಟರೋ ಬೇಸತ್ತು ಬಿಟ್ಟರೋ ಈ ಅಂಕಿ ಹೇಳುವುದಿಲ್ಲ. ಕೇಳುವವರೇ ಇಲ್ಲದ ವ್ಯವಸ್ಥೆಯಲ್ಲಿ ಅದು ಗೊತ್ತಾಗುವ ದಾರಿಯೂ ಇಲ್ಲ.

ಇದಕ್ಕೆ ಎದುರಾಗಿ ಆಂಧ್ರಪ್ರದೇಶ ಮತ್ತು ಹರಿಯಾಣದಲ್ಲಿ ನಡೆದ ಸ್ಮಾರ್ಟ್ ಮೆಂಟಲ್ ಹೆಲ್ತ್ ಯೋಜನೆಯನ್ನು ಇಡಬಹುದು. ಅಲ್ಲಿ ಟ್ಯಾಬ್ಲೆಟ್ ಇದ್ದದ್ದು ರೋಗಿಯ ಕೈಯಲ್ಲಲ್ಲ, ಆಶಾ ಕಾರ್ಯಕರ್ತೆಯ ಕೈಯಲ್ಲಿ. ಆಕೆ ಮನೆಬಾಗಿಲಲ್ಲಿ ಪ್ರಶ್ನಾವಳಿ ತುಂಬಿಸಿದರೆ ಆ ವಿವರ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಪರದೆಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಆಧರಿಸಿದ ತಂತ್ರಾಂಶ ಅವರಿಗೆ ಮುಂದಿನ ಹೆಜ್ಜೆ ಸೂಚಿಸುತ್ತದೆ. ಯಾರನ್ನು ಮೊದಲು ಹೋಗಿ ಕಾಣಬೇಕೆಂಬುದು ಕೆಂಪು, ಹಳದಿ, ಹಸಿರು ಗುರುತುಗಳಾಗಿ ಮತ್ತೆ ಆಶಾಳ ಪಟ್ಟಿಗೆ ಬರುತ್ತದೆ. ಈ ಕೊನೆಯ ಹೆಜ್ಜೆಯೇ ನನಗೆ ಮುಖ್ಯವಾಗಿ ಕಾಣುತ್ತದೆ: ಬಾರದೆ ಉಳಿದವರ ಮನೆಗೆ ಇನ್ನೊಮ್ಮೆ ಹೋಗುವ ಹೊಣೆ ಒಬ್ಬರ ಮೇಲಿದೆ. ಪಶ್ಚಿಮ ಗೋದಾವರಿ ಜಿಲ್ಲೆಯ ಆರಂಭಿಕ ಹಂತದಲ್ಲಿ ಸೇವೆ ಪಡೆದವರ ಪ್ರಮಾಣ ಶೇ. 0.8ರಿಂದ 12.6ಕ್ಕೆ ಏರಿತು. ಹೋಲಿಕೆಯ ಗುಂಪಿಲ್ಲದ ಅಧ್ಯಯನವಾದ್ದರಿಂದ ಇದನ್ನೊಂದನ್ನೇ ನೆಚ್ಚುವಂತಿರಲಿಲ್ಲ. ಆದರೆ 44 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಯಾದೃಚ್ಛಿಕವಾಗಿ ಹಂಚಿ ನಡೆಸಿದ ಮುಂದಿನ ಪ್ರಯೋಗದಲ್ಲೂ ಯೋಜನೆ ಜಾರಿಯಾದ ಕಡೆ ಖಿನ್ನತೆ ಹೆಚ್ಚು ತಗ್ಗಿತು.

ಕಳಂಕಕ್ಕೆ ಅಂಜಿ ಆಶಾಳ ಮುಂದೆ ಬಾಯಿ ಬಿಡದವರಿಗೆ ಆ್ಯಪಿನ ಗುಟ್ಟೇ ಆಸರೆಯಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಗುಟ್ಟಿಗೆ ಮೊದಲು ಫೋನು ಸ್ವಂತದ್ದಾಗಿರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಾನೇ ಬಳಸುವ ಮೊಬೈಲ್ ಇದೆ ಎಂದ ಮಹಿಳೆಯರು ಶೇ. 54, ಎಂದಾದರೂ ಇಂಟರ್ನೆಟ್ ಬಳಸಿದವರು ಮೂರರಲ್ಲೊಬ್ಬರು. ಇನ್ನು, ಹೆಸರು ಮರೆಸಿಕೊಳ್ಳಲು ಎದುರಿಗೆ ಯಂತ್ರವೇ ಇರಬೇಕೆಂದೂ ಇಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡುವವರಿಗೂ ಅದು ಸಾಧ್ಯ. ಮನುಷ್ಯರನ್ನು ನೆಚ್ಚಿದ ವ್ಯವಸ್ಥೆ ದೊಡ್ಡದಾಗಿ ಬೆಳೆಯದು ಎಂಬ ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಆಶಾಗಳಿಗೆ ಈಗಿರುವ ಕೆಲಸದ ಹೊರೆ, ಸಿಗುವ ಪ್ರೋತ್ಸಾಹಧನ ನೋಡಿದರೆ ಇನ್ನೊಂದು ಪಟ್ಟಿ ಹೊರಿಸಲು ಯಾರಿಗೂ ಮುಜುಗರವಾಗಬೇಕು. ಹಾಗೆಂದು ಇದು ಆ್ಯಪಿನ ಪರವಾದ ವಾದವಾಗದು. ಆಕೆಯ ದುಡಿಮೆಯ ಬೆಲೆಯನ್ನೂ ಸಾಧನದ ಖರ್ಚಿನಲ್ಲಿ ಸೇರಿಸಿ ಲೆಕ್ಕ ಹಾಕಬೇಕೆಂಬ ವಾದವಾಗುತ್ತದೆ.

2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಈ ದೃಷ್ಟಿಯಿಂದ ದೊಡ್ಡ ಅವಕಾಶ. ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. ಮೊದಲ ಹಂತದಲ್ಲಿ ಆಪ್ತಸಮಾಲೋಚಕರು, ಎರಡನೆಯದರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮತ್ತು ವೈದ್ಯಕೀಯ ಕಾಲೇಜುಗಳ ತಜ್ಞರು. ಯಶಸ್ಸನ್ನು ಹೇಳುವಾಗ ಮುಂದಿಡುವುದು ಮಾತ್ರ ಬಂದ ಕರೆಗಳ ಸಂಖ್ಯೆಯನ್ನು. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಕರೆ ಮಾಡಿದವರಲ್ಲಿ ಎಷ್ಟು ಮಂದಿ ಅಲ್ಲಿಗೆ ಹೋದರು, ಎಷ್ಟು ಮಂದಿ ಎರಡನೆಯ ಸಲವೂ ಹೋದರು ಎಂಬುದು ಕೇಳಬೇಕಾದ ಪ್ರಶ್ನೆ. ಅದಕ್ಕೆ ಕರೆಯ ದಾಖಲೆಯನ್ನೂ ಆಸ್ಪತ್ರೆಯ ದಾಖಲೆಯನ್ನೂ ಹೊಂದಿಸಬೇಕು. ಅಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಗೋಪ್ಯತೆಯ ಹಕ್ಕು ಅಡ್ಡ ಬರುತ್ತದೆ, ಬರಬೇಕಾದದ್ದೇ. ಹಾಗಾಗಿ ಸಮ್ಮತಿಯನ್ನು ಕರೆಯ ವೇಳೆಯಲ್ಲೇ ಕೇಳಿ, ಒಲ್ಲೆ ಎಂದವರ ವಿವರವನ್ನು ಮುಟ್ಟದೆ, ಅವರ ಸಂಖ್ಯೆಯನ್ನಷ್ಟೇ ಪ್ರತ್ಯೇಕವಾಗಿ ವರದಿ ಮಾಡಬೇಕಾಗುತ್ತದೆ.