ಕುರಿ ಸಿಡುಬು: ಹಿಂಡು ನಡೆದ ದಾರಿಯಲ್ಲಿ

ಕುಷ್ಟಗಿ ಸೀಮೆಯ ಮಸಾರಿ ಹೊಲಗಳಲ್ಲಿ ಮೇವು ತೀರುತ್ತಿದ್ದಂತೆ ಕುರಿಗಾರರು ಹಿಂಡು ಹೊಡೆದುಕೊಂಡು ಗಂಗಾವತಿ, ಸಿಂಧನೂರು ಕಡೆಯ ಕಾಲುವೆ ನೀರಾವರಿ ಭಾಗಕ್ಕೆ ಇಳಿಯುತ್ತಾರೆ. ಗೊಬ್ಬರದ ಆಸೆಗೆ ರೈತರು ಹೊಲದಲ್ಲಿ ಕುರಿ ತರುಬಿಸುತ್ತಾರೆ. ಒಂದು ಹಿಂಡು ಎದ್ದುಹೋದ ಜಾಗದಲ್ಲಿ ಮತ್ತೊಂದು ಬಂದು ಮಲಗುತ್ತದೆ. ಕುರಿ ಸಿಡುಬನ್ನು ಅರಿಯಲು ಈ ತಿರುಗಾಟವನ್ನೇ ಮೊದಲು ನೋಡಬೇಕು.

ಈ ರೋಗ ತಡೆಯಲೆಂದು ಹಿಂದೆ ಯುರೋಪಿನಲ್ಲಿ ಸಿಡುಬಾದ ಕುರಿಯ ಗುಳ್ಳೆಯ ರಸ ತೆಗೆದು ಗಟ್ಟಿಮುಟ್ಟಾದ ಕುರಿಗೆ ಚುಚ್ಚುತ್ತಿದ್ದರು. ಚುಚ್ಚಿಸಿಕೊಂಡದ್ದು ಬದುಕಿದರೂ ಅದರಿಂದ ಪಕ್ಕದ ಹಿಂಡಿಗೆ ರೋಗ ಹಬ್ಬುತ್ತಿತ್ತು. 20ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಅಮೆಡೀ ಬೊರೆಲ್, ಬ್ಯಾಕ್ಟೀರಿಯಾ ದಾಟಲಾಗದ ಸೋಸುಕದಲ್ಲೂ ಈ ರೋಗಾಣು ನುಸುಳುತ್ತದೆಂದು ತೋರಿಸಿದರು. ಆಮೇಲೆ ಬಲ ಕುಗ್ಗಿಸಿದ ಜೀವಂತ ಲಸಿಕೆಗಳು ಬಂದವು. ಭಾರತದಲ್ಲಿ ರುಮೇನಿಯಾದ ತಳಿ, ರಾಣಿಪೇಟೆ ತಳಿ, ಬಳಿಕ ಮುಕ್ತೇಶ್ವರದ ವಿಜ್ಞಾನಿಗಳು ರೂಪಿಸಿದ ಶ್ರೀನಗರ ತಳಿ ಬಳಕೆಗೆ ಸಿಕ್ಕವು. 2002ರಲ್ಲಿ ವೈರಾಣುವಿನ ಪೂರ್ಣ ವಂಶವಾಹಿ ಪ್ರಕಟವಾದಾಗ ಆಡಿನ ಸಿಡುಬಿನೊಂದಿಗೆ ಅದಕ್ಕೆ ಸುಮಾರು 96% ಹೋಲಿಕೆ ಕಂಡಿತು. ದನಗಳ ಚರ್ಮಗಂಟು ರೋಗದ ವೈರಾಣುವೂ ಇದೇ ಬಳಗದ್ದು. 2022ರಲ್ಲಿ ನಮ್ಮ ದನಗಳಿಗೆ ಆಡಿನ ಸಿಡುಬಿನ ಲಸಿಕೆ ಹಾಕಿದ್ದು ಆ ನಂಟಿನ ಬಲದಿಂದಲೇ.

ಲಸಿಕೆ ಇದ್ದರೂ ರೋಗ ಹರಡುವ ಬಗೆಯೇ ನಿಜವಾದ ತಲೆನೋವು. ಮೂಗಿನ ಸಿಂಬಳ, ಜೊಲ್ಲು, ಒತ್ತೊತ್ತಾಗಿ ನಿಂತಾಗಿನ ಉಸಿರು ಇವು ಮುಖ್ಯ ದಾರಿ. ಕಚ್ಚುವ ನೊಣಗಳೂ ವೈರಾಣು ಹೊತ್ತೊಯ್ಯಬಲ್ಲವು. ಜ್ವರ ಬಂದು, ಮುಖ, ಕಿವಿ, ಕಂಕುಳು, ಕೆಚ್ಚಲು, ಬಾಲದ ಬುಡದಲ್ಲಿ ಗುಳ್ಳೆ ಏಳುತ್ತವೆ. ಶ್ವಾಸಕೋಶಕ್ಕೆ ಇಳಿದರೆ ಮರಿಗಳು ಉಳಿಯುವುದು ಕಷ್ಟ. ಒಣಗಿ ಉದುರಿದ ಹಕ್ಕಳೆಯಲ್ಲಿ, ನೆರಳಿರುವ ದಡ್ಡಿಯೊಳಗೆ, ವೈರಾಣು ಆರು ತಿಂಗಳವರೆಗೂ ಜೀವ ಹಿಡಿದಿರುತ್ತದೆ. ಹಾಗಾಗಿ ರೋಗದ ಕುರಿ ಕಣ್ಣಿಗೆ ಬೀಳದಿದ್ದರೂ ಹಿಂಡಿಗೆ ಸಿಡುಬು ತಗಲಬಹುದು.

ತುಟಿ, ಮೂತಿಯ ಸುತ್ತ ಮಾತ್ರ ಹಕ್ಕಳೆಗಟ್ಟಿದರೆ ಅದು ಬಾಯಿಹುಣ್ಣು ಇರಬಹುದು. ಅದರ ವೈರಾಣು ಬೇರೆ, ಮುಟ್ಟಿದವರ ಕೈಗೂ ಅಂಟುತ್ತದೆ. ಸಿಡುಬಿನ ಲಸಿಕೆ ಅದನ್ನು ತಡೆಯುವುದಿಲ್ಲ.

ಗ್ರೀಸಿನಲ್ಲಿ 2024-25ರ ಸಿಡುಬಿನ ಹಾವಳಿ ತಡೆಯಲು ಲಕ್ಷಾಂತರ ಕುರಿಗಳನ್ನು ಕೊಂದರು. ಕೆಂಗುರಿ ತಳಿಯನ್ನೇ ನಂಬಿದ ನಮ್ಮ ಮನೆಗಳು ಅಂಥದ್ದನ್ನು ತಾಳಲಾರವು. ಇಲ್ಲಿ ದಾರಿಯಿರುವುದು ಲಸಿಕೆಯಲ್ಲೇ: ಮೂರು ತಿಂಗಳು ತುಂಬಿದ ಮರಿಗಳಿಂದ ಹಿಡಿದು ಇಡೀ ಹಿಂಡಿಗೆ. ಆದರೆ ಹಾಕುವ ವೇಳೆಯನ್ನು ಹಿಂಡು ಊರು ಬಿಡುವ ದಿನ ನೋಡಿ ಗೊತ್ತುಮಾಡಬೇಕು. ಮೈಯಲ್ಲಿ ರೋಗ ತಡೆಯುವ ಶಕ್ತಿ ಕೂಡಲು ಎರಡು-ಮೂರು ವಾರ ಬೇಕು. ದ್ರಾವಣ ಬೆರೆಸಿದ ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟು ಬೇಗ ಮುಗಿಸಬೇಕಾದ್ದರಿಂದ, ಚದುರಿದ ಹಿಂಡುಗಳನ್ನು ಹೊಲದಿಂದ ಹೊಲಕ್ಕೆ ಹುಡುಕಿ ಹಾಕುವುದು ಸುಲಭವಲ್ಲ. ಸಂತೆಯಲ್ಲಿ ಕೊಂಡ ಮರಿಯನ್ನು ಮೂರು ವಾರ ಬೇರೆ ಕಟ್ಟಿ ಎನ್ನುತ್ತೇವೆ. ಬಲೆ ಸುತ್ತಿದ ಒಂದೇ ದಡ್ಡಿಯೊಂದಿಗೆ ಅಲೆಯುವವನಿಗೆ ಎರಡನೆಯ ಜಾಗ ಎಲ್ಲಿದೆ? ಸಂತೆಯ ಪಕ್ಕದಲ್ಲೇ ಬೇರೆ ದಡ್ಡಿ, ಹಿಂಡುಗಳ ಹಾದಿಯಲ್ಲೇ ಲಸಿಕೆ ಶಿಬಿರ, ಇವೆರಡನ್ನೂ ಪಂಚಾಯಿತಿಗಳು ಈ ಹಂಗಾಮಿಗೇ ಮಾಡಿಕೊಡಬಹುದು.